ದೂರದ ವರ್ಗ

ಗ್ರಂಥಾಲಯದ ಮಹಡಿಯಲ್ಲಿ, ಹಳೆಯ ಪತ್ರಿಕೆಗಳನ್ನು ಪೇರಿಸಿಟ್ಟ ಕೋಣೆಯ ಪಕ್ಕಕ್ಕೆ, ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ ಒಂದು ಪುಟ್ಟ ಕೋಣೆ ಇದೆ. ಒಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಮೈಕು. ಫ್ಯಾನಿಲ್ಲ, ಇದ್ದರೆ ಅದರ ಸದ್ದೂ ಪಾಠದ ಜೊತೆ ಸೇರಿಬಿಡುತ್ತದೆ. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವ ಕೋಣೆ ಅದು. ಅಲ್ಲಿ ಕೂತು ಓದುವವಳನ್ನು ಬಾಗಿಲ ಕಾವಲುಗಾರನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರೂ ‘ಓದುವಕ್ಕ’ ಎಂದೇ ಕರೆಯುತ್ತಾರೆ. ಸಿಟ್ಟು ಬಂದಾಗ ಅವಳ ಅತ್ತೆಯ ಬಾಯಲ್ಲೂ ಅದೇ ಹೆಸರು. “ಓದುವಕ್ಕನವರೇ, ಹಾಲು ಉಕ್ಕಿ ಒಲೆಯೆಲ್ಲ ಆಗಿದೆ. ಬಿಡುವಾದಾಗ ಅದನ್ನೂ ಸ್ವಲ್ಪ ಓದಿ.”

ಗಟ್ಟಿಯಾಗಿ ಓದುವುದು ಅವಳಿಗೆ ಕಲಿತು ಬಂದದ್ದಲ್ಲ, ಅಲೆದು ಬಂದದ್ದು. ಅವಳ ಅಪ್ಪ ಭೂಮಾಪನ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅಡುಗೆಮನೆಯ ಮೊಳೆಗಳಿಗೆ ಪಾತ್ರೆಗಳು ಒಗ್ಗಿಕೊಳ್ಳುವಷ್ಟರಲ್ಲಿ ಬೇರೆ ಊರಿಗೆ ವರ್ಗವಾಗುತ್ತಿತ್ತು. ಆ ಮನೆಯಲ್ಲಿ ‘ವರ್ಗ’ ಎಂಬ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ. ಅಪ್ಪ ಚಪ್ಪಲಿ ಬಿಚ್ಚುವ ರೀತಿಯಲ್ಲೇ ಅಮ್ಮನಿಗೆ ಸುದ್ದಿ ತಿಳಿಯುತ್ತಿತ್ತು. “ಹತ್ತಿರಾನೋ ದೂರಾನೋ?” ಎಂದಷ್ಟೇ ಕೇಳುತ್ತಿದ್ದಳು. “ದೂರ” ಎಂದರೆ ಒಲೆಯ ಮುಂದೆ ಒಂದಿಷ್ಟು ಹೊತ್ತು ಸುಮ್ಮನೆ ಕೂತು, ಆಮೇಲೆ ಗೋಣಿಚೀಲ ಹುಡುಕಲು ಏಳುತ್ತಿದ್ದಳು.

ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಹೊಸ ಊರು ಸೇರಿದ ಕೂಡಲೇ ಮಗಳ ಕೈಹಿಡಿದು ಬೀದಿ ಸುತ್ತುವುದು ಅವಳ ಪದ್ಧತಿ. “ಇಲ್ಲೇನು ಬರೆದಿದೆ ಓದು, ಅಲ್ಲೇನಿದೆ ಓದು.” ಮಗಳು ಓದುತ್ತಿದ್ದಳು. ಅಂಗಡಿಯ ಬೋರ್ಡನ್ನು ಗಿರಾಕಿ ಕರೆಯುವ ದನಿಯಲ್ಲಿ, ಆಸ್ಪತ್ರೆಯ ಬೋರ್ಡನ್ನು ಪಿಸುದನಿಯಲ್ಲಿ, ‘ನಾಯಿ ಇದೆ ಎಚ್ಚರಿಕೆ’ ಎಂಬುದನ್ನು ಓಟಕ್ಕೆ ತಯಾರಾಗಿ. ಬರೀ ಅಕ್ಷರ ಕೇಳಿದರೆ ಅಮ್ಮನಿಗೆ ಊರು ಗೊತ್ತಾಗುತ್ತಿರಲಿಲ್ಲ. ದನಿ ಕೇಳಿದರೆ ಗೊತ್ತಾಗುತ್ತಿತ್ತು. ಹಾಗಾಗಿ ಓದುವಕ್ಕನ ಗಂಟಲಲ್ಲಿ ಪ್ರತಿ ಮಾತಿಗೂ ಅದರದೇ ಒಂದು ಬಣ್ಣ ನಿಂತುಬಿಟ್ಟಿತು. ಮುಂದೆ ಅವಳು ಇತಿಹಾಸ ಓದಿದಳು, ಮದುವೆಯಾದಳು, ಈ ಕೆಲಸ ಹಿಡಿದಳು, ಒಂದು ಮಗುವಿನ ತಾಯಿಯಾದಳು. ಕಥೆ, ಪದ್ಯ, ಚರಿತ್ರೆ ಯಾವುದನ್ನು ಕೊಟ್ಟರೂ ಮಕ್ಕಳು ಅವಳ ದನಿಯನ್ನೇ ಕೇಳಿ ಪಡೆಯುತ್ತಿದ್ದರು.

ಗಾಜಿನ ಆಚೆ ಕೂತು ಯಂತ್ರ ನೋಡಿಕೊಳ್ಳುವವನು ಗುಂಡಿಯಣ್ಣ. ದಿನವಿಡೀ ಗುಂಡಿ ಒತ್ತುವವನಾದ್ದರಿಂದ ಆ ಹೆಸರು. ಅವನಿಗೆ ಮಾತು ಕಡಿಮೆ. ಓದು ತಪ್ಪಿದರೆ ಗಾಜನ್ನು ಬೆರಳಿನಿಂದ ತಟ್ಟುತ್ತಾನೆ, ಅಷ್ಟೇ.

ವಿಜ್ಞಾನದ ಪುಸ್ತಕ ಅಲ್ಲಿಯವರೆಗೆ ಆ ಕೋಣೆಗೆ ಬಂದಿರಲಿಲ್ಲ. ಪಕ್ಕದ ಬೀದಿಯ ಶಾಲೆಯಲ್ಲಿ ಕಣ್ಣು ಕಾಣದ ಮಕ್ಕಳನ್ನು ಗಣಿತ, ವಿಜ್ಞಾನಗಳ ಗಂಟೆಯಲ್ಲಿ ಸಂಗೀತದ ಕೋಣೆಗೆ ಕಳಿಸಿಬಿಡುವುದು ವಾಡಿಕೆ. ಆ ವಾಡಿಕೆಗೆ ಅಡ್ಡ ನಿಂತವಳು ಒಬ್ಬ ಹುಡುಗಿ. ಅವಳ ಅಡ್ಡಹೆಸರು ‘ಅದ್ಯಾಕೆ’. ಯಾರು ಏನು ಹೇಳಿದರೂ ಅವಳ ಮೊದಲ ಮಾತು ಅದೇ.

“ನಿನಗೆ ಸಂಗೀತ ಇದೆಯಲ್ಲಮ್ಮ” ಎಂದಿದ್ದರು ಶಾಲೆಯ ಹಿರಿಯ ಮೇಡಂ.

“ಅದ್ಯಾಕೆ ಮೇಡಂ? ನಾನು ಹಾಡಿದ್ರೆ ಅಂಗಳದಲ್ಲಿ ಮಲಗಿರೋ ನಾಯಿ ಎದ್ದು ಹೋಗುತ್ತೆ. ಸಂಗೀತದ ಮೇಡಂನೇ ಕೇಳಿ.”

ಸಂಗೀತದ ಮೇಡಂ ಅದನ್ನು ಅಲ್ಲಗಳೆಯಲಿಲ್ಲ. ಹಿರಿಯ ಮೇಡಂ ಕೆಟ್ಟವರಲ್ಲ, ಜಾಗ್ರತೆಯವರು. ಅವರು ಒಂದು ಷರತ್ತು ಹಾಕಿದರು. ಗುರುತ್ವಾಕರ್ಷಣೆಯ ಪಾಠ ಒಂದನ್ನೇ ಇಟ್ಟು ಪರೀಕ್ಷೆ ಮಾಡುತ್ತೇವೆ. ಚಿತ್ರ ನೋಡದೆ ಆ ಪಾಠ ಅರ್ಥ ಮಾಡಿಕೊಂಡರೆ ಉಳಿದದ್ದನ್ನೂ ಮಾಡಿಕೊಳ್ಳುತ್ತಾಳೆ. ತೇರ್ಗಡೆಯಾದರೆ ಬರುವ ವರ್ಷ ವಿಜ್ಞಾನದ ತರಗತಿ. ಇಲ್ಲದಿದ್ದರೆ ಹಾರ್ಮೋನಿಯಂ, ಮತ್ತೆ ಆ ಮಾತು ಎತ್ತುವಂತಿಲ್ಲ.

ಹೀಗೆ ಆ ಪಾಠ ಓದುವಕ್ಕನ ಮೇಜಿಗೆ ಬಂತು. ಅರ್ಥವಾಗದ ಪುಸ್ತಕವನ್ನು ಓದುವುದು ಅವಳಿಗೆ ಹೊಸದೇನಲ್ಲ. ಅಲ್ಪವಿರಾಮಕ್ಕೆ ಅರ್ಧ ಉಸಿರು, ಪೂರ್ಣವಿರಾಮಕ್ಕೆ ಒಂದು ಉಸಿರು. ಗಾಡಿ ತಾನಾಗಿ ಹೋಗುತ್ತದೆ. ಪಾಠದ ನಡುವೆ ದಪ್ಪ ಅಕ್ಷರದಲ್ಲಿ ಒಂದು ನಿಯಮ ಇತ್ತು. ‘ಎರಡು ವಸ್ತುಗಳ ನಡುವಿನ ಸೆಳೆತವು ಅವುಗಳ ದ್ರವ್ಯರಾಶಿಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿಯೂ, ಅವುಗಳ ನಡುವಿನ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ.’ ಅವಳು ಅದನ್ನೂ ಓದಿದಳು. ಗುಂಡಿಯಣ್ಣ ಗಾಜು ತಟ್ಟಲಿಲ್ಲ. ಪಾಠ ಶಾಲೆಗೆ ಹೋಯಿತು.

ಕೆಲವು ದಿನಗಳಲ್ಲಿ ಹುಡುಗಿಯೇ ಕೋಲು ಊರಿಕೊಂಡು ಮಹಡಿ ಹತ್ತಿ ಬಂದಳು.

“ಅಕ್ಕ, ಒಂದು ಕೇಳಬೇಕಿತ್ತು. ಯಾರಿಗೆ ವರ್ಗ ಆಗಿದೆ?”

“ಏನು?”

“ಪಾಠದಲ್ಲಿ. ದೂರದ ವರ್ಗ ಅಂತೀರಲ್ಲ. ಮೊದಲು ಚಂದ್ರನಿಗಿರಬೇಕು ಅಂದ್ಕೊಂಡೆ. ದೂರಕ್ಕೆ ವರ್ಗ ಆದ್ರೆ ಸೆಳೆತ ಕಡಿಮೆ ಆಗುತ್ತೆ, ಅದು ಸರಿ. ನಮ್ಮ ಚಿಕ್ಕಪ್ಪನೂ ಹಾಗೇ, ದೂರ ಹೋದ ಮೇಲೆ ಫೋನೇ ಇಲ್ಲ. ಆದ್ರೆ ಚಂದ್ರನಿಗೆ ವರ್ಗ ಮಾಡೋರು ಯಾರು ಅಂತ ಪಾಠದಲ್ಲಿ ಎಲ್ಲೂ ಇಲ್ಲ.”

ಗುಂಡಿಯಣ್ಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಓದುವಕ್ಕ ನಗಲಿಲ್ಲ. ಶಾಲೆಯಲ್ಲಿ ಕಲಿತ ಲೆಕ್ಕ ಎಂದೋ ಮರೆತುಹೋಗಿ, ಅವಳಿಗೂ ಅದು ಏನೆಂದು ಗೊತ್ತಿರಲಿಲ್ಲ. ಅವಳು ಧ್ವನಿಮುದ್ರಣವನ್ನು ಮತ್ತೆ ಹಾಕಿಸಿ ಕೇಳಿದಳು. ‘ದೂರದ’ ಎಂಬಲ್ಲಿ ದನಿ ಇಳಿದಿತ್ತು, ‘ವರ್ಗ’ ಎಂಬಲ್ಲಿ ಒಂದು ನಿಟ್ಟುಸಿರೇ ಇತ್ತು. ಅಮ್ಮ ಒಲೆಯ ಮುಂದೆ ಕೂತುಬಿಡುವ ಹೊತ್ತಿನ ದನಿ ಅದು.

“ನೀವು ಓದಿದ್ದು ಕೇಳಿದ್ರೆ ಯಾರೋ ಮನೆ ಖಾಲಿ ಮಾಡ್ತಿದ್ದಾರೆ ಅನ್ನಿಸುತ್ತೆ” ಎಂದಳು ಹುಡುಗಿ.

ಗುಂಡಿಯಣ್ಣ ಹುಡುಗನಾಗಿದ್ದಾಗ ಏನೋ ತಾಂತ್ರಿಕ ಓದು ಓದಿದ್ದ. ಅವನು ಗಾಜಿನ ಈಚೆ ಬಂದ. “ಇದು ಆ ವರ್ಗ ಅಲ್ಲ. ಲೆಕ್ಕದ ವರ್ಗ. ಒಂದು ಸಂಖ್ಯೆನ ಅದರಿಂದಲೇ ಗುಣಿಸೋದು. ಎರಡರ ವರ್ಗ ನಾಲ್ಕು, ಮೂರರ ವರ್ಗ ಒಂಬತ್ತು. ದೂರ ಎರಡು ಪಟ್ಟಾದ್ರೆ ಸೆಳೆತ ನಾಲ್ಕರಲ್ಲಿ ಒಂದು ಪಾಲು. ಮೂರು ಪಟ್ಟಾದ್ರೆ ಒಂಬತ್ತರಲ್ಲಿ ಒಂದು. ಅಷ್ಟೇ ವಿಷಯ.”

“ಅದ್ಯಾಕೆ?” ಎಂದಳು ಹುಡುಗಿ.

“ಅದ್ಯಾಕೆ ಅಂದ್ರೆ? ನಿಯಮ.”

“ಎರಡು ಪಟ್ಟು ದೂರ ಹೋದ್ರೆ ಅರ್ಧ ಆಗಬೇಕು. ಅದು ನ್ಯಾಯ. ನಾಲ್ಕರಲ್ಲಿ ಒಂದು ಅಂದ್ರೆ ಅನ್ಯಾಯ ಅಲ್ವಾ?”

“ಪುಸ್ತಕದಲ್ಲಿ ಚಿತ್ರ ಇದೆ. ಗೆರೆಗಳು ಹರಡಿಕೊಂಡು ಹೋಗ್ತವೆ” ಎಂದ ಗುಂಡಿಯಣ್ಣ. ಹೇಳಿದ ಮೇಲೆ ತಾನು ಯಾರಿಗೆ ಹೇಳುತ್ತಿದ್ದೇನೆಂದು ಅವನಿಗೆ ತಿಳಿಯಿತು. ಯಂತ್ರದ ಹತ್ತಿರ ವಾಪಸು ಹೋಗಿ ಕೂತ.

ಆ ಸಾಲನ್ನು ಹೊಸದಾಗಿ ಓದಿ ಮುದ್ರಿಸಿದ್ದಾಯಿತು. ಆದರೆ ಹುಡುಗಿಯ ಪ್ರಶ್ನೆ ಓದುವಕ್ಕನ ಜೊತೆ ಮನೆಗೆ ಬಂತು. ತಿಳಿಯದೆ ಓದಿದ ಪುಸ್ತಕಗಳು ಎಷ್ಟೋ ಇದ್ದವು. ತಿಳಿಯದೆ ಓದಿದ್ದು ಒಬ್ಬರ ತಲೆಯೊಳಗೆ ಹೋಗಿ ಕೂತು ಚಂದ್ರನಿಗೆ ವರ್ಗ ಮಾಡಿಸಿದ್ದು ಇದೇ ಮೊದಲು.

ಮನೆಯಲ್ಲಿ ಹಜಾರದ ನಡುವೆ ಮಗುವಿನ ತೊಟ್ಟಿಲು ತೂಗುಹಾಕಿತ್ತು. ಸೂರಿನಲ್ಲಿ ಒಂದು ಕೊಕ್ಕೆ. ಆ ಒಂದು ಕೊಕ್ಕೆಯಿಂದ ನಾಲ್ಕು ಹಗ್ಗ, ಇಳಿಯುತ್ತಾ ಇಳಿಯುತ್ತಾ ಅಗಲವಾಗಿ, ತೊಟ್ಟಿಲಿನ ನಾಲ್ಕು ಮೂಲೆಗೆ. ಒಂದು ಸಂಜೆ ಅವಳು ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದಳು. ತೊಟ್ಟಿಲಿಗೆ ಹಾಸುವ ಹೊದಿಕೆಯನ್ನು ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಮಡಿಸಿದ್ದಷ್ಟೇ, ಮಗು ಎದ್ದು ಅಳತೊಡಗಿತು. ಕೈ ಖಾಲಿಯಾಗಬೇಕಿತ್ತು. ಮಡಿಸಿದ ಹೊದಿಕೆಯನ್ನು ಹಗ್ಗಗಳ ನಡುವೆ ಹಾಗೇ ಸಿಕ್ಕಿಸಿದಳು. ಅದು ಅರ್ಧ ಹಗ್ಗದ ಎತ್ತರದಲ್ಲಿ, ನಾಲ್ಕೂ ಮೂಲೆ ಹಗ್ಗಕ್ಕೆ ತಾಗಿ, ಅಳೆದು ಹೊಲಿದ ಹಾಗೆ ನಿಂತಿತು.

ಮಗುವನ್ನು ಎತ್ತಿಕೊಂಡವಳು ಅಲ್ಲೇ ನಿಂತುಬಿಟ್ಟಳು. ಅದೇ ಹೊದಿಕೆ. ಅರ್ಧ ಹಗ್ಗದಲ್ಲಿ ನಾಲ್ಕು ಪದರ ದಪ್ಪ. ಪೂರ್ತಿ ಹಗ್ಗ ಇಳಿದರೆ, ಬಿಚ್ಚಿ ಹಾಸಬೇಕು, ಆಗ ಒಂದೇ ಪದರ. ಹಗ್ಗ ಎರಡು ಪಟ್ಟು ಉದ್ದವಾದಾಗ ದಪ್ಪ ಅರ್ಧವಾಗಲಿಲ್ಲ, ನಾಲ್ಕರಲ್ಲಿ ಒಂದಾಯಿತು. ಏಕೆಂದರೆ ಹರಡುವುದು ಉದ್ದಕ್ಕೂ ಹೌದು, ಅಗಲಕ್ಕೂ ಹೌದು.

ಮಾರನೆಯ ದಿನ ಗುಂಡಿಯಣ್ಣನಿಗೆ ಹೇಳಿದಳು. ಅವನು ಪುಸ್ತಕದ ಚಿತ್ರವನ್ನು ಬಹಳ ಹೊತ್ತು ನೋಡಿದ. “ಇದೇ ಇರಬೇಕು” ಎಂದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ರಜೆಯ ದಿನ ಹುಡುಗಿ ಮನೆಗೆ ಬಂದಳು. ಓದುವಕ್ಕ ಅವಳನ್ನು ಸ್ಟೂಲಿನ ಮೇಲೆ ಹತ್ತಿಸಿ, ಕೈ ಮೇಲಕ್ಕೆ ಚಾಚಿಸಿ, ಮೊದಲು ಕೊಕ್ಕೆಯನ್ನು ಮುಟ್ಟಿಸಿದಳು. ಹುಡುಗಿ ಅಲ್ಲಿಂದ ಒಂದೊಂದೇ ಹಗ್ಗ ಹಿಡಿದು ಬೆರಳು ಜಾರಿಸಿಕೊಂಡು ಕೆಳಗಿಳಿದಳು. ತೊಟ್ಟಿಲಿನಿಂದ ಎಬ್ಬಿಸಿದ ಮಗು ಅತ್ತೆಯ ಮಡಿಲಲ್ಲಿತ್ತು.

“ಸೆಳೆತ ಅಂದ್ರೆ ಈ ಬಟ್ಟೆ ಅಂದ್ಕೋ” ಎಂದಳು ಓದುವಕ್ಕ. “ಇರೋದು ಇಷ್ಟೇ ಬಟ್ಟೆ. ಇಲ್ಲಿ, ಅರ್ಧ ಹಗ್ಗದಲ್ಲಿ, ಇಷ್ಟು ಜಾಗ ಮುಚ್ಚಬೇಕು. ಹಿಡಿದು ನೋಡು, ಎಷ್ಟು ದಪ್ಪ?”

ಹುಡುಗಿ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಪದರ ಬಿಡಿಸಿ ನೋಡಿದಳು. “ನಾಲ್ಕು.”

“ಈಗ ಕೆಳಗೆ. ಆ ಎರಡು ಮೂಲೆ ನೀನು ಹಿಡಿ, ಈ ಎರಡು ನಾನು. ಹಾಸು.”

“ಒಂದೇ ಪದರ.” ಹೊದಿಕೆಯ ಅಂಚನ್ನು ತಡವುತ್ತ, “ಕೊಕ್ಕೆಯಿಂದ ಮೂರರಲ್ಲಿ ಒಂದು ಪಾಲು ಹಗ್ಗದಲ್ಲಿ ಸಿಕ್ಕಿಸಬೇಕಾದ್ರೆ ಹೇಗೆ ಮಡಿಸ್ಬೇಕು?” ಎಂದಳು. ಉತ್ತರಕ್ಕೆ ಕಾಯದೆ ತಾನೇ ಉದ್ದಕ್ಕೆ ಮೂರು, ಅಗಲಕ್ಕೆ ಮೂರು ಮಡಿಕೆ ಹಾಕಿದಳು. ಪದರ ಎಣಿಸಿದಳು. ಒಂಬತ್ತು. “ಹಾಗಾದ್ರೆ ಅನ್ಯಾಯ ಅಲ್ಲ” ಎಂದಳು.

“ಒಗೆದ ಬಟ್ಟೆಯನ್ನೆಲ್ಲ ಹಗ್ಗಕ್ಕೆ ಸಿಕ್ಕಿಸ್ತಿದ್ದೀರಲ್ಲ, ಪುಟ್ಟ ಎಲ್ಲಿ ಮಲಗ್ಬೇಕು?” ಎಂದರು ಅತ್ತೆ. “ಏನು ಪಾಠ ಅಂದೆ? ಗುರುತಿನ ಆಕರ್ಷಣೆನಾ?”

“ಗುರುತ್ವ, ಅತ್ತೆ. ಭಾರದ್ದು.”

“ಭಾರದ್ದು ನನ್ನ ಕೇಳಿ. ಈ ಮಗುನ ಬೆಳಗಿಂದ ಎತ್ತಿಕೊಂಡಿರೋಳು ನಾನು.”

ಹುಡುಗಿ ಆ ಮಾತನ್ನು ಹಿಡಿದಳು. “ಭಾರ ಎರಡು ಪಟ್ಟಾದ್ರೆ, ಅಕ್ಕ? ಎರಡು ಹೊದಿಕೆ ಹಾಕ್ಬೇಕು ಅಲ್ವಾ?”

ಇನ್ನೊಂದು ಹೊದಿಕೆ ತಂದರು. ಅರ್ಧ ಹಗ್ಗದಲ್ಲಿ ಎಂಟು ಪದರ, ಕೆಳಗೆ ಎರಡು. ದ್ರವ್ಯರಾಶಿ ಎರಡು ಪಟ್ಟಾದರೆ ಸೆಳೆತವೂ ಎರಡೇ ಪಟ್ಟು; ಅಲ್ಲಿ ವರ್ಗ ಗಿರ್ಗ ಏನಿಲ್ಲ. “ಅಂದ್ರೆ ಭಾರ ಎರಡು ಪಟ್ಟು ಮಾಡಿ ದೂರಾನೂ ಎರಡು ಪಟ್ಟು ಮಾಡಿದ್ರೆ ಮೊದಲಿದ್ದದ್ದರ ಅರ್ಧ” ಎಂದಳು ಹುಡುಗಿ. “ದೂರದ ಕೈಯೇ ಮೇಲು.”

“ಅದು ನಿಜ ಕಣಮ್ಮ” ಎಂದರು ಅತ್ತೆ. “ನನ್ನ ದೊಡ್ಡ ಮಗ ಎಂಥ ದಢೂತಿ, ಆದ್ರೂ ದೂರ ಹೋದ್ಮೇಲೆ ಈ ಕಡೆ ಒಂದು ಎಳೆಯಷ್ಟೂ ಸೆಳೆತ ಇಲ್ಲ.”

“ಭೂಮಿ ಮಗುನ ಎಷ್ಟು ಎಳೆಯುತ್ತೋ ಮಗುನೂ ಭೂಮಿನ ಅಷ್ಟೇ ಎಳೆಯುತ್ತೆ ಅಂತ ಪಾಠದಲ್ಲಿದೆ ಅಜ್ಜಿ. ಭೂಮಿಯ ಭಾರ ಜಾಸ್ತಿ ಆದ್ದರಿಂದ ಅದು ಅಲುಗೋದು ಗೊತ್ತಾಗಲ್ಲ.”

“ನಮ್ಮನೇಲಿ ಗೊತ್ತಾಗುತ್ತೆ. ಇವನು ಒಂದು ಸಲ ಕೂಗಿದ್ರೆ ಭಾರ ಇರೋರೇ ಓಡಿ ಬರ್ತೀವಿ.”

ಅಷ್ಟರಲ್ಲಿ ಮಗು ಕೂಗಿತು. ಓದುವಕ್ಕ ಹೊದಿಕೆ ಬಿಟ್ಟು ಓಡಿ ಬಂದು ಎತ್ತಿಕೊಂಡಳು. ಅತ್ತೆ ಹುಡುಗಿಯ ಮೊಣಕೈ ತಿವಿದು, “ನೋಡಿದ್ಯಾ?” ಎಂದರು. “ಕೇಳಿಸ್ಕೊಂಡೆ” ಎಂದಳು ಹುಡುಗಿ.

ಪರೀಕ್ಷೆಯಲ್ಲಿ ಕಣ್ಣು ಕಾಣದವರ ಪರವಾಗಿ ಬೇರೊಬ್ಬರು ಪ್ರಶ್ನೆ ಓದಿ, ಅವರು ಹೇಳಿದ ಉತ್ತರವನ್ನು ಬರೆದುಕೊಡಬೇಕು. ಬರೆಯುವವರಿಗೆ ಆ ವಿಷಯ ಗೊತ್ತಿರಬಾರದು. ಗೊತ್ತಿದ್ದರೆ ತಾವೇ ಬರೆದುಬಿಟ್ಟಾರು ಎಂಬ ಭಯ. ಹುಡುಗಿ ಓದುವಕ್ಕನ ಹೆಸರು ಕೊಟ್ಟಳು. ಹಿರಿಯ ಮೇಡಂ ಕರೆದು ಕೇಳಿದರು.

“ನೀವು ವಿಜ್ಞಾನ ಓದಿದ್ದೀರಾ?”

“ಇಲ್ಲ ಮೇಡಂ, ಇತಿಹಾಸ. ಈ ಪಾಠ ಧ್ವನಿಮುದ್ರಿಸಿದ್ದು ನಾನೇ. ತೊಟ್ಟಿಲ ಹಗ್ಗ ಹಿಡಿಸಿ ಸ್ವಲ್ಪ ತೋರಿಸಿಯೂ ಕೊಟ್ಟಿದ್ದೀನಿ. ಅದು ಮೊದಲೇ ಹೇಳ್ತಿದ್ದೀನಿ.”

ಮೇಡಂ ಯೋಚಿಸಿದರು. “ತೊಟ್ಟಿಲು ಪರವಾಗಿಲ್ಲ. ಆದ್ರೆ ನೋಡಿ, ಅವಳು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು. ತಪ್ಪಿದ್ರೆ ತಪ್ಪೇ. ಗಂಟಲು ಸರಿ ಮಾಡಿಕೊಳ್ಳೋ ಹಾಗಿಲ್ಲ, ಕೆಮ್ಮೋ ಹಾಗಿಲ್ಲ.”

“ನಿಜವಾಗ್ಲೂ ಕೆಮ್ಮು ಬಂದ್ರೆ?”

“ಹೊರಗೆ ಹೋಗಿ ಕೆಮ್ಮಿ.”

ಉಳಿದವರಿಗೆ ತೊಂದರೆಯಾಗದಿರಲಿ ಎಂದು ಇವರಿಬ್ಬರಿಗೆ ಆಟದ ಸಾಮಾನಿನ ಕೋಣೆ ಕೊಟ್ಟಿದ್ದರು. ಮೂಲೆಯಲ್ಲಿ ಗಾಳಿ ಹೋದ ಚೆಂಡುಗಳು, ಗೋಡೆಗೆ ಒರಗಿಸಿದ ಬಲೆ ಸುರುಳಿ, ಹಳೆಯ ರಬ್ಬರಿನ ವಾಸನೆ. ಬಾಗಿಲ ಬಳಿ ಮೇಲ್ವಿಚಾರಕರು ಕಾಲ ಮೇಲೆ ಕಾಲು ಹಾಕಿ ಕೂತರು. ಹುಡುಗಿ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಓದುವಕ್ಕ ಓದುತ್ತಿದ್ದಳು, ಹುಡುಗಿ ಹೇಳುತ್ತಿದ್ದಳು, ಪೆನ್ನು ಓಡುತ್ತಿತ್ತು. ಒಂದು ಕಡೆ ಹುಡುಗಿ ದ್ರವ್ಯರಾಶಿಗೂ ತೂಕಕ್ಕೂ ಇರುವ ವ್ಯತ್ಯಾಸವನ್ನು ಅರ್ಧಕ್ಕೇ ಬಿಟ್ಟು ಮುಂದೆ ಹೋದಳು. ಓದುವಕ್ಕನಿಗೆ ಅದು ಅರ್ಧ ಎಂದೇ ತಿಳಿಯಲಿಲ್ಲ, ಹಾಗಾಗಿ ತೊಂದರೆಯೂ ಆಗಲಿಲ್ಲ. ಕೊನೆಯ ಪ್ರಶ್ನೆ ಬಂತು. ಎಲ್ಲಕ್ಕಿಂತ ಹೆಚ್ಚು ಅಂಕ ಅದಕ್ಕೇ. ಅದು ಹೋದರೆ ಹಾರ್ಮೋನಿಯಂ ಎಂದು ಇಬ್ಬರಿಗೂ ಗೊತ್ತಿತ್ತು.

“ಭೂಮಿಯ ಮೇಲ್ಮೈಯ ಮೇಲಿರುವ ಒಂದು ವಸ್ತುವನ್ನು, ಮೇಲ್ಮೈಯಿಂದ ಭೂಮಿಯ ತ್ರಿಜ್ಯದಷ್ಟೇ ಎತ್ತರಕ್ಕೆ ಒಯ್ದರೆ, ಅದರ ಮೇಲಿನ ಭೂಮಿಯ ಸೆಳೆತವು ಮೊದಲಿದ್ದುದರ ಎಷ್ಟು ಪಾಲಾಗುತ್ತದೆ? ಕಾರಣ ಸಹಿತ ಬರೆಯಿರಿ.”

ಹುಡುಗಿ ಕೈಯನ್ನು ಮೇಜಿನ ಮೇಲೆ ಸ್ವಲ್ಪ ಎತ್ತಿ ಹಿಡಿದು, ಏನನ್ನೋ ತಡವಿ ನೋಡುವವಳಂತೆ ಬೆರಳು ಆಡಿಸಿದಳು. “ಬರೀರಿ ಅಕ್ಕ. ಸೆಳೆತವು ನಾಲ್ಕರಲ್ಲಿ ಒಂದು ಪಾಲಾಗುತ್ತದೆ.”

ಓದುವಕ್ಕ ‘ಸೆಳೆತವು’ ಎಂದು ಬರೆದಳು. ಪೆನ್ನು ನಿಂತಿತು.

ಅವಳ ಲೆಕ್ಕ ಹೀಗಿತ್ತು. ನೆಲದಿಂದ ಒಂದು ತ್ರಿಜ್ಯದಷ್ಟು ಮೇಲೆ. ಅಂದರೆ ದೂರ ಒಂದು. ಎರಡು ತ್ರಿಜ್ಯದಷ್ಟು ಮೇಲೆ ಹೋದರೆ ತಾನೇ ದೂರ ಎರಡು ಪಟ್ಟಾಗುವುದು, ಆಗ ತಾನೇ ನಾಲ್ಕರಲ್ಲಿ ಒಂದು? ಹುಡುಗಿ ಒಂದು ಮೆಟ್ಟಿಲು ಜಾಸ್ತಿ ಎಣಿಸಿಬಿಟ್ಟಿದ್ದಾಳೆ. ಇಷ್ಟು ದಿನದ ಪಾಡು ಇಲ್ಲಿ ಬಂದು ಮಣ್ಣಾಗುತ್ತಿದೆ. ಬರೆಯಬೇಕಾದ್ದು ನಿಯಮ, ಅದನ್ನು ಮೀರುವವಳಲ್ಲ ಅವಳು. ಆದರೆ ಕೈ ಮುಂದೆ ಹೋಗಲಿಲ್ಲ.

ಕೋಣೆಯಲ್ಲಿ ಸದ್ದಿರಲಿಲ್ಲ. ಹುಡುಗಿಯ ಮುಖ ಅವಳ ಕಡೆ ತಿರುಗಿತು.

“ನಿಲ್ಲಿಸಿದ್ರಾ?”

ಮೇಲ್ವಿಚಾರಕರು ಕಾಲು ಕೆಳಗಿಟ್ಟರು.

ಆಗ ಓದುವಕ್ಕನಿಗೆ ತಿಳಿಯಿತು. ಇಷ್ಟು ಹೊತ್ತೂ ಹುಡುಗಿ ಅವಳ ಬಾಯನ್ನು ಮಾತ್ರ ಕೇಳುತ್ತಿರಲಿಲ್ಲ, ಪೆನ್ನನ್ನೂ ಕೇಳುತ್ತಿದ್ದಳು. ಕೆಮ್ಮಲಿಲ್ಲ, ಗಂಟಲು ಸರಿ ಮಾಡಿಕೊಳ್ಳಲಿಲ್ಲ, ಆದರೂ ತಾನು ‘ತಪ್ಪು’ ಎಂದು ಹೇಳಿಯಾಗಿತ್ತು.

“ಹೇಳಿದ್ದನ್ನ ಬರೀತಿದ್ದೀನಿ” ಎಂದಳು. ಉಳಿದ ಮಾತುಗಳನ್ನು ಬರೆದಳು. ಬರೆಯುವ ಸದ್ದು ಈಗ ಎಂದಿಗಿಂತ ಜೋರಾಗಿ ಕೇಳಿದಂತಾಯಿತು.

“ಹೊಡೆದು ಹಾಕಿ” ಎಂದಳು ಹುಡುಗಿ. ಓದುವಕ್ಕ ಪೆನ್ನನ್ನು ಆ ಸಾಲಿನ ತಲೆಗೆ ಒಯ್ದಳು. “ತಾಳಿ. ಹೊಡೀಬೇಡಿ. ಪ್ರಶ್ನೆ ಇನ್ನೊಂದು ಸಲ ಓದ್ತೀರಾ?”

ಓದುವಕ್ಕ ಓದಿದಳು. ಯಾವ ಮಾತಿಗೂ ಯಾವ ಬಣ್ಣವನ್ನೂ ಹಾಕದೆ ಓದುವುದು ಅವಳ ಜೀವಮಾನದಲ್ಲಿ ಅದೇ ಮೊದಲು. ‘ಮೇಲ್ಮೈಯಿಂದ’ ಎಂಬಲ್ಲಿ ನಾಲಿಗೆ ತಾನಾಗಿ ಒತ್ತು ಕೊಡಲು ಹೋಯಿತು, ಹಿಡಿದುಕೊಂಡಳು. ಅಮ್ಮ ಪಕ್ಕದಲ್ಲಿದ್ದಿದ್ದರೆ ಏನೂ ತಿಳಿಯದೆ ‘ಸರಿಯಾಗಿ ಓದೇ’ ಎನ್ನುತ್ತಿದ್ದಳು. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ದನಿಯಿಂದ ತನ್ನನ್ನು ಆರಿಸಿ ತೆಗೆದು, ಬರಿಯ ಅಕ್ಷರವನ್ನು ಹುಡುಗಿಯ ಮುಂದಿಟ್ಟಳು.

ಹುಡುಗಿ ಕೈ ಮೇಲೆತ್ತಿ, ಹಗ್ಗ ಹಿಡಿದವಳಂತೆ ಬೆರಳು ಜಾರಿಸಿಕೊಂಡು ಮೆಲ್ಲಗೆ ಕೆಳಗೆ ತಂದಳು. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. ಮೈದಾನದಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು.

“ಹಾಗೇ ಇರಲಿ” ಎಂದಳು ಕೊನೆಗೆ. “ಕಾರಣ ಬರೀರಿ. ದೂರವನ್ನು ನೆಲದಿಂದ ಅಳೆಯಬಾರದು. ಭೂಮಿಯ ಕೇಂದ್ರದಿಂದ ಅಳೆಯಬೇಕು. ನೆಲದ ಮೇಲಿರುವಾಗಲೇ ವಸ್ತು ಕೇಂದ್ರದಿಂದ ಒಂದು ತ್ರಿಜ್ಯದಷ್ಟು ದೂರದಲ್ಲಿರುತ್ತದೆ. ಇನ್ನೊಂದು ತ್ರಿಜ್ಯದಷ್ಟು ಮೇಲೆ ಒಯ್ದಾಗ ದೂರ ಎರಡರಷ್ಟಾಗುತ್ತದೆ. ಎರಡರ ವರ್ಗ ನಾಲ್ಕು.”

ಪೆನ್ನು ನಿಲ್ಲಲಿಲ್ಲ. ಬರೆಯುತ್ತ ಬರೆಯುತ್ತಲೇ ಓದುವಕ್ಕನಿಗೆ ತೊಟ್ಟಿಲಿನ ಕೊಕ್ಕೆ ಎಲ್ಲಿದೆಯೆಂಬುದು ತಿಳಿಯಿತು: ನೆಲದಲ್ಲಲ್ಲ, ಭೂಮಿಯ ಕೇಂದ್ರದಲ್ಲಿ. ಅವಳು ಯಾವಾಗಲೂ ನೆಲದ ಮೇಲೆ ನಿಂತು ನೋಡಿದವಳು. ಹುಡುಗಿ ಸ್ಟೂಲು ಹತ್ತಿ, ಕೊಕ್ಕೆಯಿಂದ ಶುರುಮಾಡಿ, ಹಗ್ಗ ಹಿಡಿದು ಇಳಿದವಳು.

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಹುಡುಗಿ ಕೇಳಿದಳು. “ಅಲ್ಲಿ ಯಾಕೆ ನಿಂತ್ರಿ?”

“ತಪ್ಪು ಅಂದ್ಕೊಂಡೆ.”

“ನಾನೂ ಅಂದ್ಕೊಂಡೆ, ನೀವು ನಿಂತಿದ್ದಕ್ಕೆ.” ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ಆಮೇಲೆ ಇನ್ನೊಂದು ಸಲ ಓದಿದ್ರಲ್ಲ, ಆಗ ನೀವು ಅಲ್ಲಿ ಇದ್ದೀರಿ ಅಂತಾನೇ ಅನ್ನಿಸ್ಲಿಲ್ಲ. ಅದ್ರಿಂದ ಸರಿಹೋಯ್ತು.”

ಓದುವಕ್ಕ ಆ ಮಾತನ್ನು ಹೊಗಳಿಕೆಯೆಂದು ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ, ಅವಳ ಚೀಲ ಹಿಡಿದುಕೊಂಡು ಇಳಿದಳು.

ಫಲಿತಾಂಶ ಬಂತು. ತೂಕ, ದ್ರವ್ಯರಾಶಿಯ ಪ್ರಶ್ನೆಯಲ್ಲಿ ಅರ್ಧ ಅಂಕ ಹೋಗಿತ್ತು; ಕೊನೆಯದಕ್ಕೆ ಪೂರ್ತಿ ಬಂದಿತ್ತು. ಹಿರಿಯ ಮೇಡಂ ಮಾತಿಗೆ ತಪ್ಪಲಿಲ್ಲ. ಸಂಗೀತದ ಮೇಡಂ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟರೆಂದು ಸುದ್ದಿ.

ಅದನ್ನು ಹೇಳಲು ಹುಡುಗಿ ಗ್ರಂಥಾಲಯದ ಮಹಡಿಗೆ ಬಂದಳು. ಗುಂಡಿಯಣ್ಣ ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ. ಕೋಲಿನ ಹಿಡಿಯನ್ನು ಎರಡು ಸಲ ತಿರುಗಿಸಿದಳು.

“ಅಕ್ಕ, ಬೇಜಾರು ಮಾಡ್ಕೋಬೇಡಿ. ಮುಂದಿನ ಪರೀಕ್ಷೆಗೆ ನಿಮ್ಮನ್ನ ಕರೆಯಲ್ಲ.”

“ಅದ್ಯಾಕೆ?” ಎಂದಳು ಓದುವಕ್ಕ.

“ಏನೂ ಗೊತ್ತಿಲ್ಲದವರು ಬರೆದ್ರೆ ಪೆನ್ನು ನಿಲ್ಲೋದೇ ಇಲ್ಲ. ಪೂರ್ತಿ ಗೊತ್ತಿರೋರನ್ನ ಒಳಗೆ ಬಿಡಲ್ಲ. ನೀವೀಗ ನಡುವೆ ಇದ್ದೀರಿ. ಇನ್ನು ಎಲ್ಲೆಲ್ಲಿ ನಿಲ್ತೀರೋ ಗೊತ್ತಿಲ್ಲ. ನೀವು ನಿಂತ್ರೆ ನಾನು ಹೊಡೆದು ಹಾಕಿಸಿಬಿಡ್ತೀನಿ. ನಿಮ್ಮನ್ನ ಅಷ್ಟು ನಂಬ್ತೀನಿ, ಅದೇ ತೊಂದರೆ.”

ಗುಂಡಿಯಣ್ಣ ಯಂತ್ರದ ಮೇಲಿನ ಧೂಳು ಒರೆಸತೊಡಗಿದ. ಓದುವಕ್ಕ ಸ್ವಲ್ಪ ಹೊತ್ತು ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿದಳು.

“ಸರಿ” ಎಂದಳು. “ಕೆಳಗೆ ಕಾವಲುಗಾರರ ಮಗಳಿದ್ದಾಳೆ. ಅಕ್ಷರ ದುಂಡಗಿದೆ, ಬರೆಯೋದು ಬೇಗ. ವಿಜ್ಞಾನದ ಗಾಳಿಯೂ ಸೋಕಿಲ್ಲ. ನಾನೇ ಮಾತಾಡಿ ಇಡ್ತೀನಿ.”

“ಪಾಠ ಮಾತ್ರ ನೀವೇ ಓದ್ಬೇಕು.”

“ಓದ್ತೀನಿ. ಆದ್ರೆ ಮೊದಲು ಒಂದು ಸಲ ನಿನಗೆ ಬಾಯಲ್ಲಿ ಓದಿ ತೋರಿಸ್ತೀನಿ. ಅಪಾರ್ಥ ಏನಾದ್ರೂ ಕೇಳಿಸಿದ್ರೆ ನೀನು ಹೇಳು, ಆಮೇಲೆ ಮುದ್ರಿಸೋಣ.”

“ಇವತ್ತೇ?”

ಓದುವಕ್ಕ ಗಾಜಿನಾಚೆಯ ಗಡಿಯಾರ ನೋಡಿದಳು. ಮಗುವಿಗೆ ಹಾಲು ಕೊಡುವ ಹೊತ್ತು ಹತ್ತಿರವಾಗಿತ್ತು. ಅತ್ತೆ ಬಾಗಿಲಿಗೂ ಒಳಗೂ ಓಡಾಡುತ್ತಿರುತ್ತಾರೆ. “ಒಂದು ಪುಟ” ಎಂದಳು. ಹುಡುಗಿ ಕುರ್ಚಿಯನ್ನು ತಡವಿ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಓದುವಕ್ಕ ಪುಸ್ತಕ ಬಿಡಿಸಿದಳು.